ಮೇಲ್ವಿಚಾರಕನ ವಿನಯ: ಮಾನಸಿಕ ಆರೋಗ್ಯ ತರಬೇತಿಯ ಚರಿತ್ರೆಯಿಂದ ಪಾಲನಾ ಸೇವೆಗೆ ಒಂದು ಪಾಠ

ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಪಾಲನಾ ಅನುಭವಕ್ಕಾಗಿ ಆಸ್ಪತ್ರೆಗಳಿಗೂ ಹಳ್ಳಿಗಳಿಗೂ ಕಳುಹಿಸುವುದು ನಮ್ಮ ಗುರುಮಠಗಳಲ್ಲಿ ರೂಢಿಯಾಗಿದೆ. ಅಲ್ಲಿ ಅವರು ರೋಗಿಗಳೊಡನೆ, ಮನನೊಂದವರೊಡನೆ, ಕುಡಿತಕ್ಕೆ ಸಿಲುಕಿದವರೊಡನೆ ಮಾತನಾಡುತ್ತಾರೆ. ಆ ಮಾತುಕತೆಯನ್ನು ನೆನಪಿನಿಂದ ಬರೆದು ತಂದು ಮೇಲ್ವಿಚಾರಕರ ಮುಂದೆ ಓದುತ್ತಾರೆ. ಮನೋವೈದ್ಯರೂ ಚಿಕಿತ್ಸಾ ಮನಃಶಾಸ್ತ್ರಜ್ಞರೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ತಯಾರಾಗುವುದು ಬಹುಮಟ್ಟಿಗೆ ಇದೇ ಕ್ರಮದಲ್ಲಿ. ಆ ಕೋಣೆಯಲ್ಲಿ ಕಲಿಯುವವನೂ ಕಲಿಸುವವನೂ ಇರುತ್ತಾರೆ. ಯಾರ ನೋವಿನ ಕುರಿತು ಚರ್ಚೆಯೋ ಆ ವ್ಯಕ್ತಿ ಇರುವುದಿಲ್ಲ. ಅವರ ಬದುಕನ್ನು ಯಾರ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ಹೆಚ್ಚಾಗಿ ಮೇಲ್ವಿಚಾರಕನೇ ತೀರ್ಮಾನಿಸುತ್ತಾನೆ.

'ಮೇಲ್ವಿಚಾರಣೆ' ಎಂಬ ನಮ್ಮ ಪದದಲ್ಲಿ 'ಮೇಲೆ' ಎಂಬುದೂ ಇದೆ, 'ವಿಚಾರಣೆ' ಎಂಬುದೂ ಇದೆ. ವಿಚಾರಣೆ ಎಂದರೆ ಕುಶಲ ವಿಚಾರಿಸುವುದೂ ಹೌದು, ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವುದೂ ಹೌದು. ಧರ್ಮಾಧ್ಯಕ್ಷರಿಗೆ ಹೊಸ ಒಡಂಬಡಿಕೆ ಬಳಸುವ 'ಎಪಿಸ್ಕೊಪೊಸ್' ಎಂಬ ಗ್ರೀಕ್ ಪದದ ಅರ್ಥವೂ ಮೇಲಿನಿಂದ ನೋಡಿಕೊಳ್ಳುವವನು ಎಂದೇ. ಈ ಪದವಿಯಲ್ಲಿರುವವನು ತನ್ನ ಕೆಳಗಿನವರಿಂದ ಕಲಿಯಲು ಸಿದ್ಧನಿಲ್ಲದಿದ್ದರೆ, ಅವನ ಪಾಂಡಿತ್ಯವೇ ರೋಗಿಗೂ ವಿದ್ಯಾರ್ಥಿಗೂ ಅಡ್ಡಿಯಾಗುತ್ತದೆ. ಕನ್ನಡ ನಾಡಿನ ಮಾನಸಿಕ ಆರೋಗ್ಯ ಸೇವೆಯ ಚರಿತ್ರೆ ಇದನ್ನು ಹೇಗೆ ತೋರಿಸುತ್ತದೆ, ನಮ್ಮ ಪಾಲನಾ ತರಬೇತಿಗೆ ಅದರಿಂದ ಏನು ಬೇಕಾಗಿದೆ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

ರೋಗಿಯೇ ಗುರುವಾದ ಕಾಲ

ಮಹಾ ಸಂತ ಗ್ರೆಗೋರಿಯವರು ಆರನೆಯ ಶತಮಾನದ ಕೊನೆಯಲ್ಲಿ ಕುರಿಗಾಹಿಗಳಿಗಾಗಿ ಬರೆದ ಪಾಲನಾ ನಿಯಮದ ಮೂರನೆಯ ಭಾಗವು ಬಹುಮಟ್ಟಿಗೆ ಒಂದೇ ವಿಷಯಕ್ಕೆ ಮೀಸಲಾಗಿದೆ: ಬಡವನಿಗೆ ಹೇಳುವಂತೆ ಸಿರಿವಂತನಿಗೆ, ದುಃಖಿಗೆ ಹೇಳುವಂತೆ ಸಂತುಷ್ಟನಿಗೆ ಬುದ್ಧಿ ಹೇಳಲಾಗದು. ಕೇಳುವವನ ಸ್ಥಿತಿಯನ್ನು ಅರಿತು ಮಾತನಾಡಬೇಕೆಂಬುದು ಧರ್ಮಸಭೆಯ ಹಳೆಯ ವಿವೇಕ. ಆದರೆ ಆ ಸ್ಥಿತಿಯನ್ನು ಅರಿಯುವುದು ಹೇಗೆ ಎಂಬುದಕ್ಕೆ ಕ್ರಮಬದ್ಧವಾದ ತರಬೇತಿ ರೂಪುಗೊಳ್ಳಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು.

ಅಮೆರಿಕದ ಪ್ರೊಟೆಸ್ಟೆಂಟ್ ಬೋಧಕ ಆಂಟನ್ ಬಾಯ್ಸನ್ 1920ರಲ್ಲಿ ತೀವ್ರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ ಮ್ಯಾಸಚೂಸೆಟ್ಸ್ ರಾಜ್ಯದ ಆಸ್ಪತ್ರೆಯೊಂದನ್ನು ಸೇರಿದರು. ಗುಣಮುಖರಾದ ಮೇಲೆ 1924ರಲ್ಲಿ ಅದೇ ರಾಜ್ಯದ ವುಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಆಧ್ಯಾತ್ಮಿಕ ಪಾಲಕರಾದರು. ಮರುವರ್ಷ, ಅಂದರೆ 1925ರ ಬೇಸಿಗೆಯಲ್ಲಿ, ನಾಲ್ವರು ದೈವಶಾಸ್ತ್ರ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದರು. ವಿದ್ಯಾರ್ಥಿಗಳು ವಾರ್ಡಿನ ಸಹಾಯಕರಾಗಿ ದುಡಿದರು. ಗ್ರಂಥಗಳನ್ನು ಎಷ್ಟು ಎಚ್ಚರದಿಂದ ಓದುತ್ತೇವೆಯೋ ಅಷ್ಟೇ ಎಚ್ಚರದಿಂದ ಜೀವಂತ ಮನುಷ್ಯರನ್ನು ಓದಬೇಕೆಂಬುದು ಬಾಯ್ಸನ್ನರ ನಿಲುವು. ಇಂದು ಜಗತ್ತಿನಾದ್ಯಂತ ನಡೆಯುವ ಪಾಲನಾ ಚಿಕಿತ್ಸಾ ಶಿಕ್ಷಣದ ಮೂಲ ಇದು. ತಾನೇ ರೋಗಿಯಾಗಿದ್ದವನು ಮೇಲ್ವಿಚಾರಕನಾದ ಈ ಪ್ರಸಂಗದಲ್ಲಿ, ಕಲಿಕೆಯ ಮೂಲ ಮೇಲಿಲ್ಲ, ಹಾಸಿಗೆಯ ಬಳಿಯಿದೆ ಎಂಬ ಅರಿವು ಆರಂಭದಿಂದಲೇ ಇತ್ತು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ 'ಗೌದಿಯುಮ್ ಎತ್ ಸ್ಪೆಸ್' ಸಂವಿಧಾನದಲ್ಲಿ, ಪಾಲನಾ ಸೇವೆಯಲ್ಲಿ ಮನಃಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಜ್ಞಾನವನ್ನು ಬಳಸಿಕೊಳ್ಳಬೇಕೆಂದು ಸೂಚಿಸಿದಾಗ, ಕಥೋಲಿಕ ಗುರುಮಠಗಳೂ ಈ ದಾರಿಗೆ ತೆರೆದುಕೊಂಡವು.

ಬೆಂಗಳೂರಿನಿಂದ ಕೋಟದವರೆಗೆ

ನಮ್ಮ ನಾಡಿನಲ್ಲಿ ಮಾನಸಿಕ ಆರೋಗ್ಯದ ವ್ಯವಸ್ಥಿತ ತರಬೇತಿಯ ಕಥೆ ಬೆಂಗಳೂರಿನಿಂದ ಆರಂಭವಾಗುತ್ತದೆ. ಇಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರಾದರು. ಮರುವರ್ಷವೇ ಮನೋವೈದ್ಯಕೀಯ ಮತ್ತು ವೈದ್ಯಕೀಯ ಮನಃಶಾಸ್ತ್ರದ ಡಿಪ್ಲೊಮಾ ತರಗತಿಗಳು ಆರಂಭವಾದವು. 1974ರಲ್ಲಿ ಈ ಸಂಸ್ಥೆ ಮತ್ತು ರಾಜ್ಯದ ಮಾನಸಿಕ ಆಸ್ಪತ್ರೆ ಒಂದಾಗಿ ನಿಮ್ಹಾನ್ಸ್ ಆಯಿತು. ಆ ಕಾಲದ ಪಠ್ಯ, ರೋಗಗಳ ವರ್ಗೀಕರಣ, ಪರೀಕ್ಷೆಯ ಭಾಷೆ ಎಲ್ಲವೂ ಬಹುಪಾಲು ಪಶ್ಚಿಮದಿಂದ ಬಂದವು. ಹೊರರೋಗಿ ವಿಭಾಗದಲ್ಲಿ ಕುಳಿತ ರೈತಮಹಿಳೆ 'ಎದೆ ಭಾರ', 'ಗಾಳಿ ಸೋಕಿದೆ' ಎಂದು ಹೇಳಿದ್ದನ್ನು ವಿದ್ಯಾರ್ಥಿ ಇಂಗ್ಲಿಷಿನ ರೋಗಲಕ್ಷಣವಾಗಿ ಬದಲಿಸಿ ಬರೆಯಬೇಕಿತ್ತು. ಹೀಗೆ ಬದಲಿಸುವಾಗ ಏನು ಕಳೆದುಹೋಯಿತೆಂದು ಕೇಳುವ ಪ್ರಶ್ನೆ ಪಠ್ಯದೊಳಗೆ ಸುಲಭವಾಗಿ ಸಿಗುವಂಥದ್ದಲ್ಲ.

ಆ ಪ್ರಶ್ನೆಯನ್ನು ಕರಾವಳಿಯ ಒಂದು ಊರು ಎತ್ತಿತು. ಮನೋವೈದ್ಯ ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳ ನಡುವೆ ನಡೆಸಿದ ಅಧ್ಯಯನ 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಗ್ರಂಥವಾಗಿ ಹೊರಬಂದಿತು. ಕಾರ್‌ಸ್ಟೇರ್ಸ್ ಭಾರತದಲ್ಲಿ ಹುಟ್ಟಿದ ಮಿಷನರಿ ಕುಟುಂಬದವರು. ಅಳಿಯಸಂತಾನ ಪದ್ಧತಿ ಸಡಿಲಗೊಳ್ಳುತ್ತಿದ್ದ ಆ ದಿನಗಳಲ್ಲಿ ಸಾಮಾಜಿಕ ಬದಲಾವಣೆಗೂ ಮನಸ್ಸಿನ ಸಂಕಟಕ್ಕೂ ಇರುವ ನಂಟನ್ನು ಅವರು ಹುಡುಕಿದರು. ಪರದೇಶದ ಪ್ರಶ್ನಾವಳಿಯನ್ನು ಹಾಗೆಯೇ ತರದೆ, ಇಲ್ಲಿನ ಜನ ಸಂಕಟವನ್ನು ಹೇಳಿಕೊಳ್ಳುವ ರೀತಿಗೆ ಹೊಂದುವ ಸಂದರ್ಶನ ಕ್ರಮವೊಂದನ್ನು ಕಪೂರ್ ಮತ್ತು ಸಂಗಡಿಗರು ಸಿದ್ಧಪಡಿಸಿಕೊಂಡಿದ್ದರು. ಊರಿನವರು ವೈದ್ಯರ ಬಳಿಗೂ, ಮಂತ್ರವಾದಿಯ ಬಳಿಗೂ, ದರ್ಶನ ಬರುವ ಪಾತ್ರಿಯ ಬಳಿಗೂ ಹೋಗುತ್ತಿದ್ದರು. ಇಂಗ್ಲಿಷ್ ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದರು. ಇವುಗಳ ನಡುವೆ ವಿರೋಧವಿದೆಯೆಂದು ಅವರಿಗೆ ತೋರಿರಲಿಲ್ಲ. ವಿರೋಧ ಇದ್ದದ್ದು ಕಲಿತು ಬಂದವರ ತಲೆಯಲ್ಲಿ.

ಕಪೂರ್ ಮುಂದೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದರು. ಜೀವನದ ಕೊನೆಯ ಭಾಗದಲ್ಲಿ ಸಂನ್ಯಾಸಿಗಳನ್ನು ಹುಡುಕಿಕೊಂಡು ಹೋಗಿ ಅವರ ಬದುಕನ್ನು ಕೇಳಿ ತಿಳಿದರು. ಆ ಕುರಿತ ಗ್ರಂಥ ಅವರ ಮರಣಾನಂತರ 2009ರಲ್ಲಿ ಪ್ರಕಟವಾಯಿತು. ವಿಜ್ಞಾನವನ್ನು ಬಿಟ್ಟುಕೊಡದೆಯೇ ವಿದ್ಯಾರ್ಥಿಯಾಗಿ ಉಳಿದ ಒಬ್ಬ ಗುರುವಿನ ಉದಾಹರಣೆ ಇದು. 2002ರಲ್ಲಿ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ದೇವಾಲಯವೊಂದರಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಅಧ್ಯಯನ ಮಾಡಿ, ಅವರ ರೋಗಲಕ್ಷಣಗಳ ಅಳತೆ ಸುಮಾರು ಶೇಕಡ 20ರಷ್ಟು ತಗ್ಗಿದ್ದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಅಲ್ಲಿ ವಿಶೇಷ ವಿಧಿಗಳಿಗಿಂತ ಹೆಚ್ಚಾಗಿ ಆಸರೆಯ, ಬೆದರಿಕೆಯಿಲ್ಲದ ವಾತಾವರಣವೇ ಕೆಲಸ ಮಾಡಿರಬಹುದೆಂಬುದು ಅವರ ಅಭಿಪ್ರಾಯ.

ದಾವಣಗೆರೆಯ ತಾಲ್ಲೂಕುಗಳು

ಆಸ್ಪತ್ರೆಯ ಗೋಡೆಗಳಾಚೆಗೆ ಸೇವೆಯನ್ನು ಒಯ್ಯುವ ಪ್ರಯತ್ನವೂ ಕರ್ನಾಟಕದಲ್ಲಿ ಬೇಗನೆ ಆರಂಭವಾಯಿತು. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಲು ಕಲಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. 1980ರ ದಶಕದ ಮಧ್ಯದಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಸಾಧನೆಯನ್ನು ಕಿರಿದುಮಾಡಲಾಗದು. ಸಾವಿರಾರು ಕುಟುಂಬಗಳಿಗೆ ಊರಿನ ಹತ್ತಿರವೇ ಔಷಧಿ ದೊರೆಯುವ ದಾರಿಯನ್ನು ಅದು ತೆರೆಯಿತು. ಆದರೆ ಅದರ ವಿನ್ಯಾಸದಲ್ಲಿ ಜ್ಞಾನ ಹರಿದದ್ದು ಒಂದೇ ದಿಕ್ಕಿಗೆ: ಸಂಸ್ಥೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಹಳ್ಳಿಗೆ. ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ ಉತ್ತರ ಭಾರತದ ಇಂಥದೇ ಕಾರ್ಯಕ್ರಮವೊಂದನ್ನು ಅಧ್ಯಯನ ಮಾಡಿ 2009ರಲ್ಲಿ ಬರೆದ ವಿಮರ್ಶೆಯಲ್ಲಿ, ಸಮುದಾಯದ ಜೊತೆಗಿನ ಸಂವಾದವಾಗಬೇಕಿದ್ದದ್ದು ಮಾತ್ರೆಯ ವಿತರಣೆಯಾಗಿ ಕುಗ್ಗಿದ ಬಗೆಯನ್ನು ತೋರಿಸಿದರು.

ಮಧ್ಯ ಕರ್ನಾಟಕದ ದಾವಣಗೆರೆ ಜಿಲ್ಲೆ ಈ ಚರಿತ್ರೆಯ ಇತ್ತೀಚಿನ ಅಧ್ಯಾಯ. 2015ರಲ್ಲಿ ನಟಿ ದೀಪಿಕಾ ಪಡುಕೋಣೆ ಸ್ಥಾಪಿಸಿದ ಲಿವ್ ಲವ್ ಲಾಫ್ ಪ್ರತಿಷ್ಠಾನವು, ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯ ಜೊತೆಗೂಡಿ 2016ರಿಂದ ಈ ಜಿಲ್ಲೆಯಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸ ಆರಂಭಿಸಿತು. ಜಗಳೂರು ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ವೈದ್ಯರು ಸಮುದಾಯಾಧಾರಿತ ಪುನರ್ವಸತಿಯಲ್ಲಿ ಕೈಜೋಡಿಸಿದರು. ಇಂಥ ಕೆಲಸದಲ್ಲಿ ಮನೆಮನೆಗೆ ಹೋಗುವವರು ಅದೇ ಸೀಮೆಯ ಕಾರ್ಯಕರ್ತರು ಮತ್ತು ಆಶಾ ಕಾರ್ಯಕರ್ತೆಯರು. ಅವರಿಗೆ ಮಾರ್ಗದರ್ಶನ ಮಾಡುವವರು ಹೆಚ್ಚಾಗಿ ನಗರದಲ್ಲಿ ಕಲಿತವರು.

ಹೊರಗಿನಿಂದ ನೋಡಿದವರಿಗೆ ಈ ಜಿಲ್ಲೆ ಒಂದೇ ಸಂಸ್ಕೃತಿಯ ಬಯಲುನಾಡೆಂದು ತೋರಬಹುದು. 1997ರಲ್ಲಿ ಜಿಲ್ಲೆ ರಚನೆಯಾದಾಗ ಜಗಳೂರು ಚಿತ್ರದುರ್ಗದಿಂದ ಬಂದಿತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಅಡಕೆ ತೋಟಗಳು. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ. ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಒಣಭೂಮಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರಿಗೆ ಸಂತ ಸೇವಾಲಾಲರ ಜನ್ಮಸ್ಥಳ. ಅಲ್ಲಿನ ತಾಂಡಾಗಳಲ್ಲಿ ಮನೆಯ ಮಾತು ಲಂಬಾಣಿ. ಕನ್ನಡ ಶಾಲೆಯ, ಕಚೇರಿಯ, ಆಸ್ಪತ್ರೆಯ ಮಾತು. ಸಾಲ ತೀರಿಸಲಾಗದ ಅಡಕೆ ಬೆಳೆಗಾರನ ಮೌನವೂ, ಮಳೆಗಾಗಿ ಆಕಾಶ ನೋಡುವ ಜಗಳೂರಿನ ರೈತನ ಮೌನವೂ, ಎರಡನೆಯ ಭಾಷೆಯಲ್ಲಿ ತನ್ನ ನೋವು ಹೇಳಬೇಕಾದ ತಾಂಡಾದ ಹೆಣ್ಣುಮಗಳ ಮೌನವೂ ವರದಿಯಲ್ಲಿ 'ಖಿನ್ನತೆ' ಎಂಬ ಒಂದೇ ಪದವಾಗಬಹುದು. ರೋಗನಿರ್ಣಯಕ್ಕೆ ಆ ಪದ ಬೇಕು. ಆದರೆ ಅದರ ಹಿಂದಿನ ಮೂರು ಬದುಕುಗಳನ್ನು ಬಲ್ಲವಳು ಕಾರ್ಯಕರ್ತೆ, ಮೇಲ್ವಿಚಾರಕನಲ್ಲ.

ಶಿವಮೊಗ್ಗ ಧರ್ಮಕ್ಷೇತ್ರದ ವ್ಯಾಪ್ತಿಯಲ್ಲಿರುವ ಈ ಸೀಮೆಯಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಹರಿಹರದ ಆರೋಗ್ಯ ಮಾತೆಯ ಸನ್ನಿಧಿಗೆ ಬರುವವರಲ್ಲಿ ಅನ್ಯಧರ್ಮೀಯರು ಬಹಳ ಮಂದಿ. ಮನಸ್ಸಿನ ಕಾಯಿಲೆಯ ಮಗನನ್ನು ಕರೆತರುವ ತಾಯಿ ಬೇರೆ ದೇವಸ್ಥಾನಕ್ಕೂ ದರ್ಗಾಕ್ಕೂ ಹೋಗಿ ಬಂದಿರಬಹುದು, ಜಿಲ್ಲಾಸ್ಪತ್ರೆಯ ಚೀಟಿಯೂ ಅವಳ ಸೆರಗಿನ ಗಂಟಿನಲ್ಲಿರಬಹುದು. ಕೋಟದ ಜನರ ಹಾಗೆಯೇ ಅವಳಿಗೂ ಇವು ಒಂದಕ್ಕೊಂದು ವಿರುದ್ಧವಲ್ಲ.

ಒಂದು ತಪ್ಪೊಪ್ಪಿಗೆ

ಇಷ್ಟನ್ನು ಬರೆಯುವ ನಾವೇ ಈ ಪಾಠವನ್ನು ತಡವಾಗಿ ಕಲಿತೆವು. ಕೆಲವು ವರ್ಷಗಳ ಹಿಂದೆ ನಮ್ಮ ಮೇಲ್ವಿಚಾರಣೆಯಲ್ಲಿದ್ದ ಒಬ್ಬ ಬ್ರದರ್ ಇದೇ ಸೀಮೆಯ ಹಳ್ಳಿಯೊಂದರ ಮನೆಗೆ ಭೇಟಿ ನೀಡಿ ವರದಿ ಬರೆದು ತಂದಿದ್ದರು. ಆ ಮನೆಯ ಸೊಸೆಗೆ ಮೈಮೇಲೆ ದೇವರು ಬರುತ್ತಿತ್ತು. ಊಟ, ನಿದ್ದೆ ಕೆಟ್ಟಿದ್ದವು. ಬ್ರದರ್ ಒಂದು ತಾಸು ಕುಳಿತು ಚಹಾ ಕುಡಿದು, ಮಳೆ ಬೆಳೆ ಮಾತನಾಡಿ, ಸೊಸೆಯ ಕೂಸನ್ನು ಎತ್ತಿಕೊಂಡು ಬಂದಿದ್ದರು. ಕಾಯಿಲೆಯ ಕುರಿತು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಾವು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆವು: ಲಕ್ಷಣಗಳನ್ನು ವಿಚಾರಿಸಿಲ್ಲ, ಸಂದರ್ಶನಕ್ಕೆ ದಿಕ್ಕಿಲ್ಲ, ಸಮಯ ವ್ಯರ್ಥ. ಅವರು 'ಸರಿ, ಫಾದರ್' ಎಂದರು.

ಅಂದಿನಿಂದ ಅವರ ವರದಿಗಳು ಸುಧಾರಿಸಿದವು. ಪ್ರಶ್ನೆಗಳು ಕ್ರಮವಾಗಿದ್ದವು, ತಾಂತ್ರಿಕ ಪದಗಳು ಸರಿಯಾಗಿದ್ದವು. ನಾವು ಒಳ್ಳೆಯ ಅಂಕಗಳನ್ನೇ ಕೊಟ್ಟೆವು. ತಿಂಗಳುಗಳ ಬಳಿಕ, ಮೌಲ್ಯಮಾಪನವೆಲ್ಲ ಮುಗಿದ ಮೇಲೆ, ಅವರು ಹೇಳಿದರು: 'ಆಮೇಲೆ ನಾನು ಆಗಿದ್ದನ್ನು ಬರೀಲಿಲ್ಲ ಫಾದರ್, ನಿಮಗೆ ಬೇಕಾಗಿದ್ದನ್ನು ಬರೆದೆ.' ಅವರು ತಾಂಡಾದಲ್ಲಿ ಬೆಳೆದವರು. ಮೊದಲ ಭೇಟಿಯಲ್ಲೇ ಮನೆಯ ಹೆಣ್ಣುಮಗಳ ಕಾಯಿಲೆ ಕೇಳಿದರೆ ಆ ಮನೆಯ ಬಾಗಿಲು ಎರಡನೆಯ ಸಲ ತೆರೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ. ಅವರು ಆ ಮನೆಗೆ ಮತ್ತೆ ಹೋಗುವ ಧೈರ್ಯವನ್ನು ನಮ್ಮ ಟಿಪ್ಪಣಿ ಕಸಿದಿತ್ತು. ಆ ಸೊಸೆಗೆ ಆಸ್ಪತ್ರೆಯ ದಾರಿ ತೋರಿಸಬಹುದಾಗಿದ್ದ ಒಬ್ಬನೇ ವ್ಯಕ್ತಿ ಹೀಗೆ ಆ ಮನೆಯಿಂದ ದೂರವಾದ.

ಕಲಿಯುವವರು ಮೇಲ್ವಿಚಾರಕರಿಂದ ಮುಚ್ಚಿಡುವುದು ಎಲ್ಲ ಕಡೆಯೂ ಇದೆ. ನಿಕೊಲಸ್ ಲಡಾನಿ ಮತ್ತು ಸಂಗಡಿಗರು 1996ರಲ್ಲಿ ಅಮೆರಿಕದ ತರಬೇತಿನಿರತರ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಬಹುತೇಕ ಎಲ್ಲರೂ ಏನನ್ನಾದರೂ ಮುಚ್ಚಿಟ್ಟಿದ್ದರು. ಮೇಲ್ವಿಚಾರಕರ ಬಗ್ಗೆ ತಮಗಿದ್ದ ಅಸಮಾಧಾನವೂ ಅದರಲ್ಲಿ ಮುಖ್ಯವಾಗಿತ್ತು. ನಮ್ಮಲ್ಲಿ ಗುರುವಿನ ಎದುರು ಮಾತನಾಡದಿರುವುದು ಸದ್ಗುಣವೆನಿಸಿದೆ. ಮನೋವೈದ್ಯರೂ ಕವಿಯೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ 1973ರ ಪ್ರಸಿದ್ಧ ಲೇಖನದಲ್ಲಿ ಗುರು-ಶಿಷ್ಯ ಸಂಬಂಧವನ್ನು ಭಾರತೀಯ ಚಿಕಿತ್ಸೆಗೆ ಮಾದರಿಯಾಗಿ ಮುಂದಿಟ್ಟರು. ಆ ಸಂಬಂಧದ ವಿಶ್ವಾಸ ನಮಗೆ ಬೇಕು. ಆದರೆ ಶಿಷ್ಯನ ಭವಿಷ್ಯ, ಗುರುಪಟ್ಟದ ಶಿಫಾರಸು, ಎಲ್ಲವೂ ಗುರುವಿನ ಕೈಯಲ್ಲಿರುವಾಗ ಆ ವಿಶ್ವಾಸ ಸುಲಭವಾಗಿ ಭಯವಾಗುತ್ತದೆ.

ಸಾಂಸ್ಕೃತಿಕ ವಿನಯ ಎಂದರೆ

1998ರಲ್ಲಿ ಕ್ಯಾಲಿಫೋರ್ನಿಯದ ಇಬ್ಬರು ವೈದ್ಯೆಯರು, ಮೆಲನಿ ಟೆರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ, 'ಸಾಂಸ್ಕೃತಿಕ ವಿನಯ' ಎಂಬ ಪರಿಕಲ್ಪನೆಯನ್ನು ವೈದ್ಯಕೀಯ ಶಿಕ್ಷಣದ ಮುಂದಿಟ್ಟರು. ಅವರು ಹೇಳುವ ಒಂದು ಪ್ರಸಂಗ ಹೀಗಿದೆ: ಶಸ್ತ್ರಚಿಕಿತ್ಸೆಯಾದ ಲ್ಯಾಟಿನೊ ಮೂಲದ ಮಹಿಳೆ ನೋವಿನಿಂದ ನರಳುತ್ತಿದ್ದಳು. ಅದೇ ಸಮುದಾಯದ ವೈದ್ಯರೊಬ್ಬರು ಅದನ್ನು ದಾದಿಯ ಗಮನಕ್ಕೆ ತಂದರು. ದಾದಿ ಒಪ್ಪಲಿಲ್ಲ, ಆ ಜನ ನೋವನ್ನು ಹೆಚ್ಚು ಮಾಡಿ ಹೇಳುತ್ತಾರೆಂದು ತಾನು ಸಂಸ್ಕೃತಿಗಳ ಕುರಿತ ಪಾಠದಲ್ಲಿ ಕಲಿತಿರುವುದಾಗಿ ಉತ್ತರಿಸಿದಳು. ದಾದಿ ಆಫ್ರಿಕನ್ ಅಮೆರಿಕನ್. ತಾನೂ ತಾರತಮ್ಯ ಅನುಭವಿಸಿದ ಸಮುದಾಯದವಳು. ಸಂಸ್ಕೃತಿಯ ಬಗೆಗಿನ ತಿಳಿವಳಿಕೆಯೇ ಎದುರಿಗಿದ್ದ ಮನುಷ್ಯಳನ್ನು ಮರೆಮಾಡಿತು. ಆದುದರಿಂದ 'ಸಂಸ್ಕೃತಿಯನ್ನು ಬಲ್ಲೆ' ಎಂಬ ಪರಿಣತಿಗಿಂತ, ಜೀವನಪರ್ಯಂತ ನಡೆಯುವ ಆತ್ಮವಿಮರ್ಶೆ, ಅಧಿಕಾರದ ಅಸಮತೆಯನ್ನು ತಗ್ಗಿಸುವ ಯತ್ನ, ಸಮುದಾಯದೊಡನೆ ಸಮಾನ ಪಾಲುದಾರಿಕೆ ಮುಖ್ಯವೆಂದು ಅವರು ವಾದಿಸಿದರು. ಇದು ವ್ಯಕ್ತಿಯ ಗುಣ ಮಾತ್ರವಲ್ಲ, ಸಂಸ್ಥೆಯ ಹೊಣೆಯೂ ಹೌದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ವಿನಯವೆಂದರೆ ಎಲ್ಲ ಪದ್ಧತಿಗೂ ತಲೆಬಾಗುವುದೇ? ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಸತ್ತರು. ಸರಪಳಿಯನ್ನು ಸಂಸ್ಕೃತಿಯೆಂದು ಗೌರವಿಸಲಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಹಾಗೆಯೇ ಜಾತಿಯೂ ಸಂಸ್ಕೃತಿಯ ಹೆಸರಿನಲ್ಲಿ ಅಡಗಿ ಕೂರುತ್ತದೆ. ಮೇಲ್ವಿಚಾರಕನ ಜಾತಿ, ಭಾಷೆ, ಕರಾವಳಿಯವನೋ ಬಯಲುಸೀಮೆಯವನೋ ಎಂಬುದು, ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಮೊದಲು ಹೇಳಬೇಕಾದವನು ಮೇಲ್ವಿಚಾರಕನೇ. ವಿದ್ಯಾರ್ಥಿಯಿಂದ ಆ ಧೈರ್ಯವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ವಿನಯವು ನಿರ್ಣಯವನ್ನು ಕೈಬಿಡುವುದಿಲ್ಲ. ಕೇಳಿದ ನಂತರ ನಿರ್ಣಯಿಸುತ್ತದೆ.

ಇತ್ರೋವನ ಕ್ರಮ

ಫಿಲಿಪ್ಪಿಯರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಕ್ರಿಸ್ತರ ಆತ್ಮರಿಕ್ತತೆಯನ್ನು ಕುರಿತು ಹೇಳುವುದು ಎಲ್ಲ ಕ್ರೈಸ್ತ ವಿನಯದ ಆಧಾರ. ಆದರೆ ಮೇಲ್ವಿಚಾರಣೆಗೆ ವಿಶೇಷವಾಗಿ ಸಲ್ಲುವ ಚಿತ್ರ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿದೆ. ಮೋಶೆಯ ಮಾವ ಇತ್ರೋ ಮಿದ್ಯಾನಿನ ಯಾಜಕ, ಇಸ್ರಯೇಲಿಗೆ ಹೊರಗಿನವನು. ಅವನು ಬಂದೊಡನೆ ಉಪದೇಶ ಮಾಡಲಿಲ್ಲ. ಮೊದಲು ಇಬ್ಬರೂ ಪರಸ್ಪರ ಕ್ಷೇಮ ವಿಚಾರಿಸಿದರು. ಮೋಶೆ ನಡೆದದ್ದೆಲ್ಲವನ್ನೂ ಹೇಳಿದ, ಇತ್ರೋ ಕೇಳಿ ಸಂತೋಷಪಟ್ಟ. ಎಲ್ಲರೂ ಕೂಡಿ ಊಟ ಮಾಡಿದರು. ಮರುದಿನ ಮೋಶೆ ಬೆಳಗಿನಿಂದ ಸಂಜೆಯವರೆಗೆ ಜನರ ನ್ಯಾಯ ತೀರಿಸುವುದನ್ನು ಇತ್ರೋ ನೋಡಿದ. ಆಮೇಲೆ ಏಕೆ ಹೀಗೆ ಮಾಡುತ್ತೀಯೆಂದು ಕೇಳಿ, ಉತ್ತರವನ್ನು ಆಲಿಸಿ, ಅನಂತರ ಸಲಹೆ ನೀಡಿದ. ಆ ಸಲಹೆಯನ್ನೂ ದೇವರ ಅಪ್ಪಣೆಗೆ ಒಪ್ಪಿಸಿದ. ಇಷ್ಟಾದ ಮೇಲೆ ತನ್ನ ನಾಡಿಗೆ ಹೊರಟುಹೋದ.

ಈ ಕ್ರಮವನ್ನು ನಮ್ಮ ತರಬೇತಿಗೆ ತರುವುದು ಕಷ್ಟವಲ್ಲ. ವರದಿಯ ಮೇಲೆ ಟಿಪ್ಪಣಿ ಬರೆಯುವ ಮುನ್ನ 'ಹೀಗೆ ಮಾಡಲು ಕಾರಣವೇನು' ಎಂದು ಕೇಳೋಣ. ಮಾತುಕತೆ ಲಂಬಾಣಿಯಲ್ಲೋ ಕೊಂಕಣಿಯಲ್ಲೋ ನಡೆದಿದ್ದರೆ ಮುಖ್ಯ ಮಾತುಗಳನ್ನು ಅದೇ ಭಾಷೆಯಲ್ಲಿ ಬರೆಯಲು ಬಿಡೋಣ. ಅರ್ಥವಾಗದಿದ್ದರೆ ವಿದ್ಯಾರ್ಥಿಯಿಂದಲೇ ಕಲಿಯೋಣ. ಮೇಲ್ವಿಚಾರಣೆಯನ್ನೂ ಗುರುಪಟ್ಟದ ಶಿಫಾರಸನ್ನೂ ಒಬ್ಬರ ಕೈಯಲ್ಲೇ ಇಡದಿರೋಣ. ವರ್ಷಕ್ಕೊಮ್ಮೆಯಾದರೂ ಆ ಸೀಮೆಯ ಆಶಾ ಕಾರ್ಯಕರ್ತೆಯರನ್ನೂ ರೋಗಿಗಳ ಮನೆಯವರನ್ನೂ ಗುರುಮಠಕ್ಕೆ ಬರಮಾಡಿಕೊಂಡು, ನಮ್ಮ ವಿದ್ಯಾರ್ಥಿಗಳು ಹೇಗೆ ನಡೆದುಕೊಂಡರು, ನಾವು ಅವರನ್ನು ಹೇಗೆ ತಯಾರುಮಾಡಿದ್ದೇವೆ ಎಂದು ಅವರಿಂದಲೇ ಕೇಳಿಸಿಕೊಳ್ಳೋಣ.

ಅಂದು ನಮ್ಮ ಕೆಂಪು ಶಾಯಿಗೆ ಗುರಿಯಾದ ಆ ಬ್ರದರ್ ಮಾಡಿದ್ದು ಇತ್ರೋ ಮಾಡಿದ್ದನ್ನೇ: ಕ್ಷೇಮ ಕೇಳಿದ್ದರು, ಅವರ ಮನೆಯ ಚಹಾ ಕುಡಿದಿದ್ದರು, ಸುಮ್ಮನೆ ಕುಳಿತು ನೋಡಿದ್ದರು. ಸಲಹೆ ಹೇಳುವ ದಿನ ಇನ್ನೂ ಬಂದಿರಲಿಲ್ಲ. ಅವರು ಈಗ ಗುರುಗಳಾಗಿದ್ದಾರೆ. ನಾವು ಅವರಲ್ಲಿ ಕ್ಷಮೆ ಕೇಳಿದ್ದೇವೆ. ಹೊಸ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸುವ ಮುನ್ನ ಮೊದಲ ಪಾಠ ಹೇಳಲು ಅವರನ್ನೇ ಕರೆಯುತ್ತೇವೆ. ಅಂದು ನಾವೂ ವಿದ್ಯಾರ್ಥಿಗಳ ಸಾಲಿನಲ್ಲಿ ಕೂರುತ್ತೇವೆ.